ಬಿಡಿಭಾಗ ಎಷ್ಟು ಬಿಡಿಯಾಗಿರಬೇಕು?

“ಬುಶ್ ಅಷ್ಟೇ ಬರಂಗಿಲ್ರಿ. ಆರ್ಮ್ ಪೂರಾ ಹಾಕಬೇಕ್ರಿ.”

ಕಲಬುರಗಿಯ ಬಿಡಿಭಾಗದ ಅಂಗಡಿಯೊಂದರಲ್ಲಿ ಈ ಮಾತು ಕೇಳಿದಾಗ ನನ್ನ ಕಾಲ ಬಳಿ ಒಂದು ಗೋಣಿಚೀಲವಿತ್ತು. ಅದರೊಳಗೆ ಹಿಂದಿನ ಸಂಜೆ ನಮ್ಮೂರು ಗೊಬ್ಬೂರದ ಮನೆಯ ಅಂಗಳದಲ್ಲಿ ಬಿಚ್ಚಿದ, ಹದಿಮೂರು ವರ್ಷ ಓಡಿದ ಸಣ್ಣ ಕಾರಿನ, ಮುಂಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಎರಡು ಲೋವರ್ ಆರ್ಮ್‌ಗಳು. ಬೆಳಗಿನ ಬಸ್ಸಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ತಂದಿದ್ದೆ. ಉಕ್ಕಿಗೆ ಏನೂ ಆಗಿರಲಿಲ್ಲ. ಸೊಟ್ಟಗಾಗಿಲ್ಲ, ಬಿರುಕು ಬಿಟ್ಟಿಲ್ಲ, ತುದಿಯ ಬಾಲ್ ಜಾಯಿಂಟ್ ಇನ್ನೂ ಬಿಗಿಯಾಗಿದೆ. ಹೋಗಿದ್ದು ಹಿಂಬದಿಯ ಬುಶ್ ಮಾತ್ರ. ಒಳಗೊಂದು ಹೊರಗೊಂದು ಕಬ್ಬಿಣದ ಕೊಳವೆ, ಎರಡರ ನಡುವೆ ಇರಬೇಕಾದ ರಬ್ಬರು ಹರಿದು, ಒಳಗಿನ ಕೊಳವೆ ಬೆರಳಿಂದ ತಳ್ಳಿದರೆ ಅಲ್ಲಾಡುತ್ತಿತ್ತು. ನೂರಾರು ರೂಪಾಯಿಯ ಒಂದು ಹಿಡಿ ರಬ್ಬರಿಗಾಗಿ ಸಾವಿರಾರು ರೂಪಾಯಿಯ ಉಕ್ಕನ್ನು ಗುಜರಿಗೆ ಹಾಕಬೇಕು ಎಂಬುದು ಆ ಮಾತಿನ ಅರ್ಥ.

ಅಂಗಡಿಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಪಟ್ಟಿಯಲ್ಲಿ ಇದ್ದದ್ದನ್ನು ಹೇಳಿದರು. ಆ ಕಾರಿಗೆ ಕಂಪನಿ ಕೊಟ್ಟಿದ್ದ ಬಿಡಿಭಾಗದ ಸಂಖ್ಯೆ ಒಂದೇ, ಅದು ಇಡೀ ಆರ್ಮಿನದು. ಬುಶ್‌ಗೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದ ವಸ್ತುವನ್ನು ಯಾರೂ ತರಿಸಲಾರರು. ಅಂದಿನಿಂದ ನನ್ನನ್ನು ಕಾಡುತ್ತಿರುವ ವಿಚಾರ ಇದೇ. ಒಂದು ಯಂತ್ರವನ್ನು ಯಾರು ದುರಸ್ತಿ ಮಾಡಬಲ್ಲರು ಎನ್ನುವುದು ಮಿಸ್ತ್ರಿಯ ಕೈಗೆ ಪಾನಾ ಬರುವ ಎಷ್ಟೋ ಮುಂಚೆ ತೀರ್ಮಾನವಾಗಿಬಿಟ್ಟಿರುತ್ತದೆ. ಅದರ ಅತಿ ಚಿಕ್ಕ ಯಾವ ತುಂಡಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟು ಮಾರಾಟಕ್ಕೆ ಇಡಬೇಕು ಎಂದು ದೂರದ ಕಚೇರಿಯಲ್ಲಿ ಕೂತವರು ನಿರ್ಧರಿಸಿದ ದಿನವೇ, ಗೊಬ್ಬೂರದ ಅಂಗಳದಲ್ಲಿ ಏನು ಸಾಧ್ಯ ಏನು ಅಸಾಧ್ಯ ಎಂಬುದೂ ನಿರ್ಧಾರವಾಗಿರುತ್ತದೆ.

ಬುಶ್‌ನಂಥ ಕಣ್ಣಿಗೆ ಬೀಳದ ವಸ್ತುವನ್ನು ಹಿಡಿದು ಇಷ್ಟು ದೊಡ್ಡ ಮಾತು ಆಡಬೇಕೇ ಎಂದು ಕೇಳಬಹುದು. ಆಡಬೇಕು. ಏಕೆಂದರೆ ನಮ್ಮ ಕಡೆ ಕಾರಿನಲ್ಲಿ ಮೊದಲು ಸೋಲುವುದು ಅದೇ, ಮತ್ತು ಅದು ಸೋಲಲು ಕಾರಣ ನಮ್ಮ ನೆಲವೇ.

ಕಲಬುರಗಿಯಿಂದ ಅಫಜಲಪುರದ ಕಡೆ ಹೋಗುವ ಹಾದಿ ಎರೆನೆಲದ ಹಾದಿ. ಜೇವರ್ಗಿಯ ಕಡೆಗೂ ಆಳಂದದ ಕಡೆಗೂ ಬಹುಪಾಲು ಇದೇ ಮಣ್ಣು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಗೆ ಈ ಕರಿಮಣ್ಣೇ ತಾಯಿ. ಮಳೆಯ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವ ಗುಣ ಬೆಳೆಗೆ ವರ. ಅದೇ ಗುಣ ರಸ್ತೆಗೆ ಶತ್ರು. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರುಗಳ ನಡುವೆ ನೀರು ತುಂಬಿಕೊಂಡು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಶ್ರಾವಣದಲ್ಲಿ ಉಬ್ಬಿದ ನೆಲ ಚೈತ್ರ ವೈಶಾಖದಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಮರಂ ಹಾಸನ್ನು ಸಾಕಷ್ಟು ದಪ್ಪಕ್ಕೆ ಹಾಕದೆ, ಬದಿಯ ಚರಂಡಿಗೆ ನೀರು ಹರಿಯಲು ಬಿಡದೆ ಡಾಂಬರು ಎಳೆದರೆ, ಎರಡು ಮಳೆಗಾಲದಲ್ಲಿ ರಸ್ತೆ ಅಲೆಅಲೆಯಾಗಿ ಏಳುತ್ತದೆ. ತಗ್ಗುಗುಂಡಿ ಇರುವ ರಸ್ತೆಯಲ್ಲಿ ಚಾಲಕ ನಿಧಾನ ಮಾಡುತ್ತಾನೆ. ಅಲೆಯಾದ ರಸ್ತೆ ದೂರದಿಂದ ನುಣುಪಾಗಿ ಕಾಣುವುದರಿಂದ ಯಾರೂ ನಿಧಾನ ಮಾಡುವುದಿಲ್ಲ. ಚಕ್ರ ಬಿಡುವಿಲ್ಲದೆ ಮೇಲೆ ಕೆಳಗೆ ಆಡುತ್ತದೆ, ಬುಶ್‌ನ ರಬ್ಬರು ಬಿಡುವಿಲ್ಲದೆ ತಿರುಚುತ್ತದೆ. ಕಬ್ಬಿನ ಹಂಗಾಮು ಬಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಅದೇ ರಸ್ತೆಯನ್ನು ಇನ್ನಷ್ಟು ಇಳಿಸುತ್ತವೆ. ಗಾಣಗಾಪುರದ ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದಲೂ ಬರುವ ಗಾಡಿಗಳು, ಊರಿಂದೂರಿಗೆ ಜನರನ್ನು ತುಂಬಿಕೊಂಡು ಹೋಗುವ ಕ್ರೂಸರ್, ಟಂಟಂಗಳು, ಎಲ್ಲದರ ಅಡಿಯಲ್ಲೂ ಈ ರಬ್ಬರು ಇದೆ.

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿ ರಸ್ತೆಯುಬ್ಬು ಹೇಗಿರಬೇಕು ಎಂದು ಅಳತೆ ಸಮೇತ ಹೇಳಿತ್ತು: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಬಾಗು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಏನೂ ಪೆಟ್ಟಾಗದೆ ದಾಟುವಂತೆ ಮಾಡಿದ ಲೆಕ್ಕ ಅದು. ನಮ್ಮ ಊರುಗಳ ಮುಂದಿನ ಎಷ್ಟೋ ಉಬ್ಬುಗಳಿಗೆ ಅದರ ಅರ್ಧ ಅಗಲವೂ ಇಲ್ಲ, ಎತ್ತರ ಮಾತ್ರ ಹೆಚ್ಚು. ಶಾಲೆಗೆ ಹೋಗುವ ಮಕ್ಕಳು ರಸ್ತೆ ದಾಟಬೇಕಾದ ಕಡೆ ತಾಯಂದಿರು ಹಟ ಹಿಡಿದು ಹಾಕಿಸಿದ ಉಬ್ಬುಗಳವು. ಅವರ ಹಟದಲ್ಲಿ ತಪ್ಪಿಲ್ಲ. ಅಳತೆ ಗೊತ್ತಿದ್ದವರು ಅಳತೆಯಂತೆ ಹಾಕಿಕೊಡಲಿಲ್ಲ ಎಂಬುದೇ ನೋವು. ಅಂಥ ಉಬ್ಬಿನ ಮೇಲೆ ಮುಂಚಕ್ರ ಹತ್ತುವಾಗ ಆರ್ಮನ್ನು ಹಿಂದಕ್ಕೆ ದೂಡುವ ಪೆಟ್ಟನ್ನು ನುಂಗಿಕೊಳ್ಳುವುದು ಆ ಹಿಂಬದಿಯ ಬುಶ್ಶೇ.

ಅದರ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅದರ ಬಗ್ಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಬೇರೂರಿದೆ. ನಮಗೆ ಗೊತ್ತಿರುವ ಕೀಲು ಎಂದರೆ ಬಂಡಿಯ ಕೀಲು. ಅಚ್ಚಿನ ಮೇಲೆ ಗಾಲಿ ಉಜ್ಜುತ್ತದೆ, ಉಜ್ಜಾಟಕ್ಕೆ ಕೀಲೆಣ್ಣೆ ಬೇಕು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲಿಗೂ ಹಾಗೇ. ನಡುವಿನ ಪಿನ್ನಿಗೆ ಲೋಹದ ಬುಶ್, ಅದಕ್ಕೊಂದು ನಿಪ್ಪಲ್, ಗ್ರೀಸ್ ಗನ್ ಹಿಡಿದು ಎರಡು ಸಲ ಒತ್ತಿದರೆ ಸದ್ದು ನಿಲ್ಲುತ್ತದೆ. ಕಾರಿನ ರಬ್ಬರ್ ಬುಶ್ ಇದಕ್ಕೆ ತದ್ವಿರುದ್ಧ. ಅಲ್ಲಿ ಯಾವುದೂ ಯಾವುದರ ಮೇಲೂ ಉಜ್ಜುವುದಿಲ್ಲ. ಒಳಗಿನ ಕೊಳವೆಯನ್ನು ಬೋಲ್ಟು ಕಾರಿನ ಚೌಕಟ್ಟಿಗೆ ಅಲುಗದಂತೆ ಕಚ್ಚಿ ಹಿಡಿದಿರುತ್ತದೆ, ಹೊರಗಿನ ಕೊಳವೆ ಆರ್ಮಿನೊಳಗೆ ಬಿಗಿಯಾಗಿ ಕೂತಿರುತ್ತದೆ, ರಬ್ಬರು ಎರಡಕ್ಕೂ ಬೆಸೆದುಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರು ತಾನೇ ತಿರುಚಿ, ತಾನೇ ಮರಳುತ್ತದೆ. ಹಿಂಡಿದ ಒದ್ದೆ ಬಟ್ಟೆಯ ಹಾಗೆ, ಆದರೆ ಪ್ರತಿಸಲ ಹಿಂತಿರುಗುವ ಬಟ್ಟೆ. ಎಣ್ಣೆ ಅದಕ್ಕೆ ಬೇಕಿಲ್ಲ. ಬೇಡ ಎನ್ನುವುದಷ್ಟೇ ಅಲ್ಲ, ಎಣ್ಣೆ ಅದರ ಪಾಲಿನ ವಿಷ. ಖನಿಜ ತೈಲ ತಗುಲಿದರೆ ನೈಸರ್ಗಿಕ ರಬ್ಬರು ಉಬ್ಬಿ, ಮೆತ್ತಗಾಗಿ, ಬೆಸುಗೆಯಿಂದ ಬಿಡುತ್ತದೆ.

ಹೀಗಿದ್ದೂ ನೀರಿನಿಂದ ತೊಳೆದ ಮೇಲೆ ಗಾಡಿಯ ಅಡಿಗೆ ಡೀಸೆಲ್ಲನ್ನೋ ಹಳೆ ಎಂಜಿನ್ ಆಯಿಲನ್ನೋ ಸಿಂಪಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. “ಸಪ್ಪಳ ಹೋಗ್ತದ್ರಿ, ಜಂಗು ಹಿಡಿಯಂಗಿಲ್ರಿ” ಎನ್ನುತ್ತಾರೆ. ಎರಡು ದಿನ ಕಿರ್ರೆನ್ನುವುದು ನಿಲ್ಲುತ್ತದೆ ನಿಜ. ಕೀಲೆಣ್ಣೆಯ ಕಾಲದ ಬುದ್ಧಿಯನ್ನು ರಬ್ಬರಿನ ಕಾಲಕ್ಕೆ ತಂದದ್ದರಿಂದ ಎಷ್ಟು ಬುಶ್‌ಗಳು ಅವಧಿಗೆ ಮುನ್ನ ಸತ್ತಿವೆಯೋ. ಓದುಗರಲ್ಲಿ ಯಾರಾದರೂ ಈ ಲೇಖನದಿಂದ ಒಂದೇ ಮಾತು ಎತ್ತಿಕೊಳ್ಳುವುದಾದರೆ ಇದನ್ನು ಎತ್ತಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ: ತೊಳೆಯುವವರಿಗೆ ಮೊದಲೇ ಹೇಳಿ, ಅಡಿಗೆ ಎಣ್ಣೆ ಹೊಡೆಯಬೇಡಿ.

ಬಿಸಿಲೂ ಸೇರುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಬಾಳುವಂತೆ ಮಾಡಿದರೂ, ಶಾಖ, ಆಮ್ಲಜನಕ, ಓಜೋನ್ ಮೂರೂ ಕೂಡಿ ಅದನ್ನು ನಿಧಾನಕ್ಕೆ ತಿನ್ನುತ್ತಲೇ ಇರುತ್ತವೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಕಾದ ಡಾಂಬರಿನ ಒಂದಡಿ ಮೇಲೆ ನೇತಾಡುವ ರಬ್ಬರಿಗೆ ಮಲೆನಾಡಿನ ಆಯುಷ್ಯ ಇರಲಾರದು. ಸುಳ್ಯ, ಪುತ್ತೂರಿನ ತೋಟಗಳ ತಂಪಿನಲ್ಲಿ ಹಾಲಾಗಿ ಒಸರುವ ವಸ್ತು ಅದು.

ಈಗ ಅಂಗಳಕ್ಕೆ ಬರೋಣ. ಬುಶ್ ಹೋಗಿದೆ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಬ್ರೇಕ್ ಒತ್ತಿದ ಕ್ಷಣಕ್ಕೆ ಮುಂದಿನಿಂದ ಒಮ್ಮೆ ಖಟ್ ಎನ್ನುವುದು, ರಿವರ್ಸ್ ತೆಗೆದಾಗ ಮತ್ತೊಮ್ಮೆ ಖಟ್ ಎನ್ನುವುದು, ನೇರ ರಸ್ತೆಯಲ್ಲೂ ಸ್ಟೇರಿಂಗ್ ಅತ್ತಿತ್ತ ಹುಡುಕಾಡುವುದು, ಟೈರಿನ ಒಂದು ಅಂಚು ಮಾತ್ರ ಸವೆಯುವುದು. ಒಬ್ಬರನ್ನು ಒಳಗೆ ಕೂರಿಸಿ, ಬ್ರೇಕ್ ತುಳಿದು ತುಳಿದು ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ಮಾಡಿಸಿ, ನೀವು ಬದಿಯಲ್ಲಿ ದೂರ ಕೂತು ಚಕ್ರವನ್ನು ನೋಡಿ. ಮಡ್‌ಗಾರ್ಡಿನ ಕಮಾನಿನೊಳಗೆ ಚಕ್ರವೇ ಹಿಂದೆ ಮುಂದೆ ಸರಿದರೆ ಸಂಶಯ ಬೇಡ. ಆಮೇಲೆ ಗಾಡಿ ಎತ್ತಿ ನಿಲ್ಲಿಸಿ, ಆರ್ಮಿಗೂ ಚೌಕಟ್ಟಿಗೂ ನಡುವೆ ಸಣ್ಣ ಹಾರೆ ಕೊಟ್ಟು ಮೀಟಿದರೆ ಹರಿದ ರಬ್ಬರು ಬಾಯಿ ತೆರೆದು ತೋರಿಸುತ್ತದೆ.

ಈ ತಿಳಿವಳಿಕೆ ಪ್ರತಿಯೊಬ್ಬ ಮಾಲೀಕನಲ್ಲೂ ಇರಬೇಕು ಎಂಬುದು ನನ್ನ ಗಟ್ಟಿ ನಿಲುವು. ಬಿಚ್ಚುವುದು, ಕೂರಿಸುವುದು ಆಮೇಲಿನ ಮಾತು. ರೋಗ ಯಾವುದೆಂದು ಗೊತ್ತಿದ್ದವನಿಗೆ ಯಾರೂ ಬೇಡದ ಮದ್ದು ಮಾರಲಾರರು. ಸದ್ದು ಬಂತೆಂದು ಶಾಕ್ ಅಬ್ಸಾರ್ಬರ್ ಬದಲಿಸಿ, ಹೋಗಲಿಲ್ಲವೆಂದು ಸ್ಟೇರಿಂಗ್ ರ‍್ಯಾಕ್ ಬದಲಿಸಿ, ಕೊನೆಗೆ ಬುಶ್‌ಗೆ ಬಂದು ಮುಟ್ಟಿದ ಕುಟುಂಬಗಳನ್ನು ನಾನು ಬಲ್ಲೆ. ಆ ದುಡ್ಡು ತೊಗರಿ ಮಾರಿ ಬಂದ ದುಡ್ಡು.

ಎತ್ತಿ ನಿಲ್ಲಿಸಿ ಎಂದೆ. ಅಲ್ಲೇ ನಮ್ಮ ನೆಲ ಮತ್ತೆ ಅಡ್ಡ ಬರುತ್ತದೆ. ಎರೆಮಣ್ಣಿನ ಮೇಲೆ ಜಾಕ್ ಇಟ್ಟರೆ ಕಣ್ಣೆದುರೇ ಒಂದು ಕಡೆ ಹೂತು ವಾಲುತ್ತದೆ. ಮನೆ ಮುಂದೆ ಶಹಾಬಾದ್ ಫರಸಿ ಹಾಸಿದ್ದರೂ ನಂಬಬಾರದು, ಅಡಿಯ ಮಣ್ಣು ಕುಸಿದು ಟೊಳ್ಳಾಗಿದ್ದರೆ ಒಂದೇ ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ಕಲ್ಲು ಸೀಳುತ್ತದೆ. ದಪ್ಪ ಹಲಗೆ ಹಾಸಿ, ಅದರ ಮೇಲೆ ಜಾಕ್, ಗಾಡಿ ಎದ್ದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು. ಬರೀ ಜಾಕ್ ನಂಬಿ ಗಾಡಿಯಡಿ ಕೈ ಹಾಕುವುದು ಸಾವಿನೊಡನೆ ಆಟ. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸ ಮಾಡಬಾರದು, ಅಷ್ಟೇ. ಇಟ್ಟಿಗೆ ಜೋಡಿಸಿ ಗಾಡಿ ನಿಲ್ಲಿಸುವವರನ್ನು ಕಂಡರೆ ನನಗೆ ಈಗಲೂ ಎದೆ ನಡುಗುತ್ತದೆ.

ಮನೆಯಲ್ಲೇ ದುರಸ್ತಿ ಎಂದರೆ ಅಮೆರಿಕದವರ ಕಲ್ಪನೆಯಲ್ಲಿ ಒಬ್ಬನೇ ಮನುಷ್ಯ, ಅವನದೇ ಗ್ಯಾರೇಜು, ಅದರಲ್ಲೊಂದು ಹೈಡ್ರಾಲಿಕ್ ಪ್ರೆಸ್ಸು. ನಮ್ಮಲ್ಲಿ ಮನೆ ಎನ್ನುವುದರ ಸುತ್ತಳತೆ ಬೇರೆ. ಬೋಲ್ಟು ಬಿಚ್ಚುವುದು ಅಂಗಳದಲ್ಲಿ. ಕಚ್ಚಿದ ಬೋಲ್ಟಿಗೆ ದೊಡ್ಡ ಪಾನಾ ಕೊಡುವವರು ಪಕ್ಕದ ಹೊಲದವರು. ಹಳೆ ಬುಶ್ ಹೊರದೂಡಿ ಹೊಸದನ್ನು ಒತ್ತಿ ಕೂರಿಸುವುದು ಕುಂಟೆ, ಕಲ್ಟಿವೇಟರ್, ಟ್ರೇಲರಿನ ಕೊಂಡಿ ರಿಪೇರಿ ಮಾಡುವ ಲೇಥ್ ಅಂಗಡಿಯಲ್ಲಿ. ಕೊನೆಗೆ ಚಕ್ರದ ಅಲೈನ್‌ಮೆಂಟ್ ಟೈರಿನ ಅಂಗಡಿಯಲ್ಲಿ. ಇಷ್ಟೂ ಸೇರಿ ನಾನು ಮನೆಯ ಕೆಲಸ ಎನ್ನುತ್ತೇನೆ, ಯಾಕೆಂದರೆ ಏನು ಬದಲಿಸಬೇಕು, ಏನು ಉಳಿಸಬೇಕು ಎಂಬ ತೀರ್ಮಾನ ಇಡೀ ಹೊತ್ತು ನಮ್ಮ ಕೈಯಲ್ಲೇ ಇರುತ್ತದೆ. ಕಬ್ಬಿನ ಹಂಗಾಮಿನ ನಡುವೆ ಟ್ರೇಲರಿನ ಪಟ್ಟಾ ಮುರಿದರೆ ರಾತ್ರೋರಾತ್ರಿ ಸರಿಮಾಡುವ ಊರಿಗೆ ಕಾರಿನ ಬುಶ್ ಕೂರಿಸುವ ಶಕ್ತಿ ಇಲ್ಲ ಎಂದು ನಾನು ಒಪ್ಪಲಾರೆ.

ಶಕ್ತಿ ಇದೆ. ಕೊರತೆ ಇರುವುದು ಮಾಹಿತಿಯದು, ಮತ್ತು ಅದರ ಬೆಲೆಯನ್ನು ನಾನೇ ತೆತ್ತಿದ್ದೇನೆ. ಕೆಲವು ವರ್ಷದ ಹಿಂದೆ ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ, ಹೊಸ ಬುಶ್ ಕೂರಿಸಿದ ಆರ್ಮನ್ನು ಜೋಡಿಸಿ, ಗಾಡಿ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ, ಚಕ್ರ ಗಾಳಿಯಲ್ಲಿ ಇಳಿಬಿದ್ದಿರುವಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿದೆ. ವರ್ಷ ತುಂಬುವ ಮೊದಲೇ ರಬ್ಬರು ಹರಿಯಿತು. ಮಾಲು ನಕಲಿ ಎಂದುಕೊಂಡೆ. ಮಾಲಿನ ತಪ್ಪಾಗಿರಲಿಲ್ಲ. ಚಕ್ರ ಇಳಿಬಿದ್ದ ಸ್ಥಿತಿಯಲ್ಲಿ ಬಿಗಿದರೆ ಆ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಗಾಡಿ ನೆಲಕ್ಕಿಳಿದು ಆರ್ಮ್ ಮೇಲೆದ್ದಾಗ ರಬ್ಬರು ತಿರುಚಿಕೊಂಡೇ ನಿಲ್ಲುತ್ತದೆ, ಮನೆ ಮುಂದೆ ಸುಮ್ಮನೆ ನಿಂತ ರಾತ್ರಿಯೂ ಅದಕ್ಕೆ ಬಿಡುವಿಲ್ಲ. ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಡಬೇಕು. ಇಷ್ಟು ಸಣ್ಣ ಮಾತು ಯಾರೂ ಹೇಳಿರಲಿಲ್ಲ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಟೈರಿಗೆ ಎಷ್ಟು ಗಾಳಿ ಎಂದಿದೆ, ಕನ್ನಡಿ ಹೇಗೆ ಒರೆಸಬೇಕು ಎಂದೂ ಇದೆ. ಆರ್ಮಿನ ಬೋಲ್ಟಿನ ಬಿಗಿ ಎಷ್ಟು ಎಂದಿಲ್ಲ.

ಇನ್ನೊಂದು ಗುಟ್ಟು ಬುಶ್‌ನ ದಿಕ್ಕು. ಹಲವು ಬುಶ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ. ಆ ಖಾಲಿ ಯಾವ ಕಡೆ ಮುಖ ಮಾಡಿರಬೇಕು ಎಂಬುದಕ್ಕೆ ಲೆಕ್ಕವಿದೆ. ಹಂಪಿನ ಪೆಟ್ಟು ಬರುವ ದಿಕ್ಕಿಗೆ ಮೆದು, ತಿರುವಿನಲ್ಲಿ ದೂಡುವ ದಿಕ್ಕಿಗೆ ಗಡುಸು. ತಿರುಗಿಸಿ ಕೂರಿಸಿದರೆ ಅಳತೆ ಸರಿಯಿದ್ದರೂ ಗಾಡಿಯ ನಡೆ ಕೆಡುತ್ತದೆ. ಹಳೆಯದನ್ನು ಹೊರದೂಡುವ ಮುಂಚೆ ಆರ್ಮಿನ ಮೇಲೆ ಸೀಮೆಸುಣ್ಣದಿಂದಲಾದರೂ ಗುರುತು ಹಾಕಿಕೊಳ್ಳಬೇಕು. ಒತ್ತುವಾಗ ಜಾರಲಿ ಎಂದು ಗ್ರೀಸ್ ಹಚ್ಚಬಾರದು, ಸಾಬೂನು ನೀರು ಸಾಕು. ಹಳೇ ಬುಶ್ ಬರುತ್ತಿಲ್ಲವೆಂದು ಗ್ಯಾಸ್ ಹಚ್ಚಿ ಸುಡುವುದೂ ಕೂಡದು. ಆ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು, ಆ ಕಾವು ಉಕ್ಕಿಗೆ ಕೆಟ್ಟದ್ದು. ರಬ್ಬರಿನ ಬದಲು ಪಾಲಿಯುರಿಥೇನ್ ಹಾಕಿಸಿ ಎನ್ನುವವರೂ ಇದ್ದಾರೆ. ಬಾಳಿಕೆ ಇದ್ದೀತು, ಆದರೆ ಗಡುಸು ಹೆಚ್ಚು, ನಮ್ಮ ರಸ್ತೆಯ ಪ್ರತಿ ಅಲೆಯನ್ನೂ ಬೆನ್ನುಮೂಳೆಗೆ ಮುಟ್ಟಿಸುತ್ತದೆ. ನನಗೆ ಬೇಡ.

ಇಡೀ ಆರ್ಮ್ ಮಾರುವವರ ವಾದವನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಅವರ ಮಾತು ಹೀಗಿದೆ: ಕಾರ್ಖಾನೆಯಲ್ಲಿ ಸರಿಯಾದ ಒತ್ತಡದಲ್ಲಿ, ಸರಿಯಾದ ಕೋನದಲ್ಲಿ ಕೂರಿಸಿದ ಬುಶ್ ಹೆಚ್ಚು ಸುರಕ್ಷಿತ. ಬುಶ್ ಹೋಗುವ ಹೊತ್ತಿಗೆ ಬಾಲ್ ಜಾಯಿಂಟಿಗೂ ವಯಸ್ಸಾಗಿರುತ್ತದೆ, ಅದು ಬಿಟ್ಟುಕೊಂಡರೆ ಚಕ್ರವೇ ಮಲಗುತ್ತದೆ, ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಲೇಸು. ಈ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಬಾಲ್ ಜಾಯಿಂಟ್ ಸಡಿಲವಾಗಿ, ಅದು ಆರ್ಮಿಗೇ ಬಿಗಿದು ಬಂದಿರುವ ಗಾಡಿಯಾಗಿದ್ದರೆ ನಾನೂ ಹೊಸ ಆರ್ಮನ್ನೇ ತರುತ್ತೇನೆ, ಇನ್ನೊಬ್ಬರಿಗೂ ಅದನ್ನೇ ಹೇಳುತ್ತೇನೆ. ಆರ್ಮ್ ತುಕ್ಕು ತಿಂದಿದ್ದರೆ, ಎಂದಾದರೂ ಕಲ್ಲಿಗೆ ಬಡಿದು ಬಾಗಿದ್ದರೆ ಎರಡನೆಯ ಯೋಚನೆಯೇ ಬೇಡ.

ಆದರೆ ಆ ತೀರ್ಮಾನವನ್ನು ಗಾಡಿಯನ್ನು ಕಣ್ಣಾರೆ ಕಂಡವರು ತೆಗೆದುಕೊಳ್ಳಬೇಕಲ್ಲವೆ? ಬುಶ್‌ಗೆ ಸಂಖ್ಯೆಯನ್ನೇ ಕೊಡದೆ ಇದ್ದಾಗ ಎಲ್ಲರ ಪರವಾಗಿ, ಯಾರ ಗಾಡಿಯನ್ನೂ ನೋಡದೆ, ಒಂದೇ ತೀರ್ಮಾನ ಹೇರಿದಂತಾಗುತ್ತದೆ. ಸುರಕ್ಷತೆಯ ವಾದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಷೋರೂಮಿನ ಮೇಜಿನ ಆಚೆಯಿಂದ ನೋಡಲಾಗದು. ಆರ್ಮಿನ ಬೆಲೆ ಕೇಳಿ ಗೊಬ್ಬೂರದ ಕುಟುಂಬ ಹೊಸದನ್ನು ತರುವುದಿಲ್ಲ. ಮುಂದಿನ ರಾಶಿಯಾಗಲಿ ಎಂದು ಹರಿದ ಬುಶ್‌ನಲ್ಲೇ ಆರು ತಿಂಗಳು ಓಡಿಸುತ್ತದೆ, ಇಲ್ಲವೇ ಗುಜರಿಯಿಂದ ಯಾವುದೋ ಅಪಘಾತದ ಗಾಡಿಯ ಆರ್ಮ್ ತಂದು ಹಾಕಿಸುತ್ತದೆ. ಕಾಗದದ ಮೇಲಿನ ಅತಿ ಸುರಕ್ಷಿತ ದಾರಿ ರಸ್ತೆಯ ಮೇಲೆ ಅತಿ ಅಪಾಯದ ದಾರಿಯಾಗುವುದು ಹೀಗೆ. ಕಂಪನಿ ತಾನೇ ಒಳ್ಳೆಯ ಬುಶ್ ಮಾರದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಹೆಸರಿಲ್ಲದ, ಗಡಸುತನದ ಅಂದಾಜಿಲ್ಲದ ರಬ್ಬರು ಬಂದು ತುಂಬಿಕೊಳ್ಳುತ್ತದೆ.

ಈ ಹೋರಾಟ ಹೊಸದಲ್ಲ. 2011ರಲ್ಲಿ ಗ್ರಾಹಕರೊಬ್ಬರು ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿ, ಉಪಕರಣಗಳನ್ನೂ ಹೊರಗಿನ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟಿದ್ದಾರೆ ಎಂಬುದು ಆಯೋಗ ಕಂಡ ತಪ್ಪು. ಮುಕ್ತ ಮಾರುಕಟ್ಟೆಯಲ್ಲಿ ಬಿಡಿಭಾಗ ಸಿಗುವಂತೆ ಮಾಡಿ, ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಸಾರಾಸಗಟು ರದ್ದು ಎನ್ನಬೇಡಿ ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ವಿಷಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಕಾರು ದುರಸ್ತಿಯ ಹಕ್ಕಿಗೆ ಮತ ಹಾಕಿ ಕಾನೂನು ಮಾಡಿಸಿಕೊಂಡಿದ್ದರು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಸೇರಿಸಿತು. ಅದೇ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಎಲ್ಲಕ್ಕೂ ಶೇ 18ಕ್ಕೆ ಬಂತು, ಮುಂಚೆ ಬಹಳಷ್ಟಕ್ಕೆ ಶೇ 28 ಇತ್ತು.

ಇವೆಲ್ಲ ಒಳ್ಳೆಯದೇ. ಆದರೆ ಒಂದು ಪ್ರಶ್ನೆ ಎಲ್ಲದರ ನಡುವೆ ನುಸುಳಿಹೋಗಿದೆ ಎನ್ನುವುದು ನನ್ನ ತಕರಾರು. ಬಿಡಿಭಾಗ ಎಲ್ಲರಿಗೂ ಸಿಗಬೇಕು ಎನ್ನುತ್ತೇವೆ. ಬಿಡಿಭಾಗ ಎಂದರೆ ಯಾವುದು? ಬುಶ್, ಬಾಲ್ ಜಾಯಿಂಟ್, ಉಕ್ಕು ಮೂರನ್ನೂ ಬೆಸೆದು ಒಂದು ಪೆಟ್ಟಿಗೆಯಲ್ಲಿಟ್ಟು ಅದಕ್ಕೆ ಬಿಡಿಭಾಗ ಎಂದು ಹೆಸರಿಟ್ಟರೆ, ಆ ಪೆಟ್ಟಿಗೆ ಪ್ರತಿ ತಾಲ್ಲೂಕಿನಲ್ಲೂ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ದುರಸ್ತಿಯ ಹಕ್ಕು ಬಂದಂತಾಯಿತೆ? ಅದು ಕೊಳ್ಳುವ ಹಕ್ಕು ಮಾತ್ರ. ಹಕ್ಕಿನ ಮಾತಿಗೆ ಬಲ ಬರಬೇಕಾದರೆ ಅದು ತುಂಡಿನ ಗಾತ್ರಕ್ಕೆ ಇಳಿಯಬೇಕು. ಮಾಮೂಲು ಬಳಕೆಯಲ್ಲಿ ಸವೆಯಲೆಂದೇ ಇಟ್ಟ ಭಾಗ, ಬ್ರೇಕ್ ಪ್ಯಾಡಿನ ಹಾಗೆ, ತನ್ನ ಸಂಖ್ಯೆಯೊಂದಿಗೆ ಪ್ರತ್ಯೇಕವಾಗಿ ಮಾರಾಟಕ್ಕಿರಬೇಕು. ಅದನ್ನು ಕೂರಿಸುವ ದಿಕ್ಕು, ಬೋಲ್ಟಿನ ಬಿಗಿ, ಭಾರದ ಮೇಲೆ ಬಿಗಿಯಬೇಕೆಂಬ ಎಚ್ಚರಿಕೆ ಅದರ ಪೊಟ್ಟಣದ ಮೇಲೆಯೇ, ಕನ್ನಡದಲ್ಲಿ, ಅಚ್ಚಾಗಿರಬೇಕು. ಬ್ರೇಕ್ ಪ್ಯಾಡ್ ಸವೆದರೆ ಇಡೀ ಬ್ರೇಕ್ ಬದಲಿಸಿ ಎಂದು ಇಂದು ಯಾರೂ ಹೇಳುವುದಿಲ್ಲ. ರಬ್ಬರಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ಹಳೆಯ ಗಾಡಿಗಳು ಈ ಮಾತಿನಲ್ಲಿ ಉದಾರವಾಗಿದ್ದವು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಪಟ್ಟಾದ ಶ್ಯಾಕಲ್ ಬುಶ್ ಹಾಗೂ ಜೀಪಿನ ಬುಶ್ ಸೈಕಲ್ ಟ್ಯೂಬಿನಷ್ಟೇ ಸಲೀಸಾಗಿ ಸಿಗುತ್ತಿದ್ದವು. ಆ ಗಾಡಿಗಳು ಹೆಚ್ಚು ಕೆಡುತ್ತಿದ್ದವು, ಹೊಗೆ ಉಗುಳುತ್ತಿದ್ದವು, ಅಪಘಾತದಲ್ಲಿ ಇಂದಿನ ಗಾಡಿಗಳಷ್ಟು ಕಾಯುತ್ತಿರಲಿಲ್ಲ. ಅವು ಮರಳಲಿ ಎಂದು ನಾನು ಹಂಬಲಿಸುವುದಿಲ್ಲ. ಕೆಟ್ಟಾಗ ಊರಿನ ಕೈಗೆ ಎಟಕುತ್ತಿದ್ದ ಆ ಒಂದು ಗುಣವನ್ನು ಹೊಸ ಗಾಡಿಯಲ್ಲೂ ಉಳಿಸಿಕೊಳ್ಳಬಹುದಿತ್ತು.

ಆ ದಿನ ಕಲಬುರಗಿಯಲ್ಲಿ ನಾಲ್ಕನೆಯ ಅಂಗಡಿಯಲ್ಲಿ ಬುಶ್ ಸಿಕ್ಕಿತು. ಅಂಗಡಿಯ ಹಿರಿಯರು ಗೋಣಿಚೀಲದಿಂದ ಆರ್ಮ್ ತೆಗೆಸಿ, ವರ್ನಿಯರ್ ಹಿಡಿದು ಅಳೆದು, ಅದೇ ಕಂಪನಿಯ ಬೇರೊಂದು ಮಾದರಿಯ ಹೆಸರಿನ ಡಬ್ಬಿ ತೆಗೆದುಕೊಟ್ಟರು. ಹಳೆಯದರ ಪಕ್ಕ ಇಟ್ಟು, ಖಾಲಿ ಜಾಗದ ಆಕಾರ, ರಬ್ಬರಿನ ಗಡುಸು ಎರಡನ್ನೂ ಒತ್ತಿ ನೋಡಿ ತಂದೆ. ಲೇಥಿನಲ್ಲಿ ಎರಡೂ ಆರ್ಮ್‌ಗಳಿಗೆ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ಕಡೆಯದು ಹೋದರೂ ಎರಡೂ ಕಡೆ ಬದಲಿಸಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಮರುದಿನ ಗಾಡಿ ನೆಲಕ್ಕಿಳಿಸಿ, ಇಬ್ಬರು ಒಳಗೆ ಕೂತ ಮೇಲೆ ಬೋಲ್ಟು ಬಿಗಿದೆ.

ಒಂದು ವಾರ ಬಿಟ್ಟು ಹರಿದ ಹಳೆ ಬುಶ್ ಹಿಡಿದು ನಮ್ಮ ಹಾದಿಯ ಸಣ್ಣ ಬಿಡಿಭಾಗದ ಅಂಗಡಿಗೆ ಹೋದೆ. ಟ್ರ್ಯಾಕ್ಟರಿನ ಸಾಮಾನೇ ಹೆಚ್ಚಾಗಿ ಮಾರುವ ಅಂಗಡಿ. ನಮ್ಮೂರಲ್ಲೇ ಇಂಥ ನಾಲ್ಕಾರು ಗಾಡಿಗಳಿವೆ, ಎರಡು ಜೋಡಿ ತರಿಸಿಡಿ ಎಂದೆ. ಅವರು ಕಟ್ಟೆಯ ಕೆಳಗಿಂದ ಎಣ್ಣೆ ಕಲೆಯ ಒಂದು ವಹಿ ತೆಗೆದರು. ಹೊರಗಿನ ವ್ಯಾಸ, ಒಳಗಿನ ತೂತು, ಉದ್ದ ಅಳೆದು ಬರೆದುಕೊಂಡರು. ಪಕ್ಕದಲ್ಲಿ ಎರಡೂ ಮಾದರಿಗಳ ಹೆಸರು ಬರೆದರು. ಆಮೇಲೆ ಪೆನ್ನು ಎತ್ತದೆ ಕೇಳಿದರು: “ಖಾಲಿ ಯಾವ ಕಡಿ ಬರಬೇಕು, ಯಾವ ಬಾಜೂಲಿಂದ ಒತ್ತಬೇಕು, ಅದನೂ ಹೇಳ್ರಿ. ಬರಕೋತೀನಿ.”